ಹೊಗೆ ಹೋಗುವ ದಾರಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನುಗಾರರಿಗೆ ಅದು ರಜೆ, ನನ್ನಂಥ ಮೆಕ್ಯಾನಿಕ್‌ಗಳಿಗೆ ಸುಗ್ಗಿ. ಮಳೆ ಎಡೆಬಿಡದೆ ಸುರಿಯುವ ಆ ಎರಡು ತಿಂಗಳು ಮಂಗಳೂರಿನ ದಕ್ಕೆಯಲ್ಲಿ ಒಂದಕ್ಕೊಂದು ತಾಗಿ ನಿಂತ ಬೋಟುಗಳ ಹೊಟ್ಟೆಯೊಳಗೇ ನನ್ನ ದಿನ ಕಳೆಯುತ್ತದೆ.

ಬೋಟಿನ ಧಣಿಗಳು ಯಾವುದಕ್ಕೆ ಹಣ ಬಿಚ್ಚುತ್ತಾರೆ ಎಂಬುದು ಇಷ್ಟು ವರ್ಷಗಳಲ್ಲಿ ನನಗೆ ಚೆನ್ನಾಗಿ ಗೊತ್ತಾಗಿದೆ. ಬಲೆಗೆ ಕೊಡುತ್ತಾರೆ, ಬಣ್ಣಕ್ಕೆ ಕೊಡುತ್ತಾರೆ, ಮೀನು ತೋರಿಸುವ ಯಂತ್ರಕ್ಕಂತೂ ಸಾಲ ಮಾಡಿಯಾದರೂ ಕೊಡುತ್ತಾರೆ. ಇಂಜಿನ್ನಿನ ಹೊಗೆ ಕೊಳವೆಯ ಮಾತು ಬಂದಾಗ ಮಾತ್ರ, "ಒಂದು ಪ್ಯಾಚ್ ಹಾಕಿ ಬ್ಯಾರಿಗಳೇ, ಈ ಸೀಸನ್ ಕಳೆಯಲಿ" ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ. ಎರಡು ತಿಂಗಳು ದುಡಿಮೆ ಇಲ್ಲ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಸೈಲೆನ್ಸರ್ ಮೀನು ಹಿಡಿಯುವುದೂ ಇಲ್ಲವಲ್ಲ!

ಆದರೆ ಆ ಕೊಳವೆ ಹಾದುಹೋಗುವ ಜಾಗವನ್ನು ನೋಡಬೇಕು. ಇಂಜಿನ್ನಿನ ಮ್ಯಾನಿಫೋಲ್ಡಿನಿಂದ ಹೊರಟ ಹೊಗೆ ಒಂದು ಎಲ್ಬೋ ತಿರುಗಿ, ಕ್ಯಾಬಿನ್ನಿನ ಮಗ್ಗುಲಿನಲ್ಲೇ ಮೇಲೇರಿ ಮಾಡಿನಾಚೆ ಹೊರಬೀಳುತ್ತದೆ. ಆಳಸಮುದ್ರಕ್ಕೆ ಹೋದವರು ಹತ್ತು ದಿನ ಮಲಗುವುದು ಅದೇ ಕ್ಯಾಬಿನ್ನಿನಲ್ಲಿ, ತಗಡಿನ ಒಂದು ಗೋಡೆಯಾಚೆ. ಮಳೆ ಗಾಳಿ ಇದ್ದರೆ ಬಾಗಿಲು ಕಿಟಕಿ ಎಲ್ಲವೂ ಬಂದ್. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ನಿಗಿಂತ ಡೀಸೆಲ್ಲಿನಲ್ಲಿ ಅದು ಕಡಿಮೆ, ನಿಜ. ಕಡಿಮೆ ಎಂದರೆ ಇಲ್ಲವೆಂದಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ.

ಕಳೆದ ರಜೆಯಲ್ಲಿ ನನ್ನ ಕೈಗೆ ಬಂದ ಬೋಟಿನಲ್ಲಿ ಒಡಿಶಾದ ಖಲಾಸಿ ಹುಡುಗನೊಬ್ಬನಿದ್ದ. ಇಂಜಿನ್ ರೂಮಿಗೆ ಅಂಟಿಕೊಂಡ ಹಲಗೆಯೇ ಅವನ ಹಾಸಿಗೆ. "ರಾತ್ರಿ ತಲೆ ಸಿಡಿಯುತ್ತದೆ ಭಾಯಿ, ಮೇಲೆ ಹೋಗಿ ಕೂತರೆ ಸರಿಯಾಗುತ್ತದೆ" ಎಂದ. ಕಡಲಿನ ತೂಗಾಟ ಅಭ್ಯಾಸವಾಗಿಲ್ಲ ಎಂದು ಉಳಿದವರು ನಗುತ್ತಿದ್ದರಂತೆ. ಮೇಲೆ ಹೋದರೇನು, ತೂಗಾಟ ಅಲ್ಲಿಯೂ ಇದೆಯಲ್ಲ!

ಕೊಳವೆಗೆ ಸುತ್ತಿದ್ದ ಹಗ್ಗವನ್ನು ಮೊದಲು ಬಿಚ್ಚಿದೆ. ಹಳೆಯ ಬೋಟುಗಳಲ್ಲಿ ಇದು ಆಸ್ಬೆಸ್ಟಾಸ್ ಆಗಿರಬಹುದು. ಅದರ ಧೂಳು ಎದೆಗೆ ವಿಷ. ಹಾಗಾಗಿ ನೀರು ಚಿಮುಕಿಸಿ, ಮಾಸ್ಕ್ ಕಟ್ಟಿಕೊಂಡೇ ಬಿಚ್ಚಬೇಕು. ಶಾಖ ತಡೆಯಲೆಂದು ಸುತ್ತುವ ಈ ಹಗ್ಗ ಉಪ್ಪುನೀರನ್ನೂ ಹಿಡಿದಿಡುತ್ತದೆ. ಹೊರಗೆ ನೋಡಿದರೆ ಭದ್ರ, ಒಳಗೆ ಕಬ್ಬಿಣ ಪದರು ಪದರಾಗಿ ಎದ್ದಿರುತ್ತದೆ. ಮೇಲಿನ ಬಾಯಿಗೆ ಮುಚ್ಚಳವಿಲ್ಲದಿದ್ದರೆ ಮಳೆನೀರು ಒಳಗಿಳಿದು ಮಸಿಯೊಂದಿಗೆ ಸೇರಿ ಆಮ್ಲವಾಗುತ್ತದೆ. 2020ರ ಏಪ್ರಿಲ್ ನಂತರ ಬಂಕ್ ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿದೆ, ಆ ಮಟ್ಟಿಗೆ ಆಮ್ಲದ ಕಾಟ ಕಡಿಮೆ. ಉಪ್ಪಿನ ಕಾಟ ಕಡಿಮೆ ಮಾಡಲು ಯಾವ ಸರಕಾರದಿಂದಲೂ ಆಗದು.

ಸುತ್ತಿಗೆಯಿಂದ ತಟ್ಟಿದೆ. ಒಳ್ಳೆಯ ಕಬ್ಬಿಣ ಗಂಟೆಯಂತೆ ಕೂಗುತ್ತದೆ, ಇದು ಒಡೆದ ಮಡಕೆಯ ಹಾಗೆ ಸದ್ದು ಮಾಡಿತು. ಫ್ಲೇಂಜಿನ ಸುತ್ತ ಕಪ್ಪು ಗೀಟುಗಳು, ಅಂದರೆ ಹೊಗೆ ನುಸುಳಿದ ಗುರುತು. ಧಣಿಗಳನ್ನು ಕೆಳಗೆ ಕರೆದೆ. "ಮೂವತ್ತು ವರ್ಷದಿಂದ ಬೋಟು ನಡೆಸುತ್ತೇನೆ, ಯಾರಿಗೆ ಏನಾಗಿದೆ?" ಎಂದರು. ನಾನು ವಾದಿಸಲಿಲ್ಲ. ಸ್ಕ್ರೂಡ್ರೈವರನ್ನು ಎಲ್ಬೋದ ಅಡಿಭಾಗಕ್ಕೆ ಒತ್ತಿದೆ, ಹಿಡಿಯವರೆಗೂ ಒಳಹೋಯಿತು. ಆ ತೂತಿನಿಂದ ಒಂದೂವರೆ ಅಡಿ ದೂರದಲ್ಲಿ ಹುಡುಗನ ಚಾಪೆ ಇತ್ತು. ಅವರು ಅದನ್ನು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟಾಗುತ್ತದೆ?" ಎಂದು ಕೇಳಿದರು.

316 ಸ್ಟೀಲ್ ಹಾಕಿದರೆ ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ, ಅದರಲ್ಲಿ ಮಾಲಿಬ್ಡಿನಮ್ ಇದೆ. ರೇಟು ಕೇಳಿ ಅವರು ಕೈಮುಗಿದರು. ಕೊನೆಗೆ ದಪ್ಪ ಕಬ್ಬಿಣದ ಹೊಸ ಎಲ್ಬೋ, ಹೊಸ ಕೊಳವೆ ಎಂದು ಒಪ್ಪಂದವಾಯಿತು. ನನಗೆ ಪೂರ್ತಿ ಸಮಾಧಾನವಿಲ್ಲ, ಪ್ಯಾಚಿಗಿಂತ ಮೇಲು ಅಷ್ಟೇ.

ಹಳೆಯದನ್ನು ಕಳಚುವುದೇ ದೊಡ್ಡ ಕೆಲಸ. ತುಕ್ಕು ಹಿಡಿದ ಸ್ಟಡ್‌ಗಳಿಗೆ ರಾತ್ರಿಯಿಡೀ ಎಣ್ಣೆ ಕುಡಿಸಿ, ಬೆಳಿಗ್ಗೆ ಗ್ಯಾಸಿನಿಂದ ನಟ್ಟು ಕಾಯಿಸಿ, ಹಿಂದಕ್ಕೊಂದು ಮುಂದಕ್ಕೊಂದು ತಿರುವು ಕೊಡುತ್ತಾ ಬಿಡಿಸಬೇಕು. ಎರಡು ತುಂಡಾದವು. ಮುರಿದ ತುದಿಗೆ ನಟ್ಟು ವೆಲ್ಡ್ ಮಾಡಿ ಹೊರತೆಗೆದೆ. ಆಮೇಲಿನದೆಲ್ಲ ಸುಲಭ: ಹೊಸ ಗ್ಯಾಸ್ಕೆಟ್, ಕೊಳವೆಯ ಭಾರ ಇಂಜಿನ್ನಿನ ಮೇಲೆ ಬೀಳದಂತೆ ಬ್ರಾಕೆಟ್, ಅಲುಗಾಟಕ್ಕೆ ಬಗ್ಗುವ ಬೆಲ್ಲೋಸ್, ತಗ್ಗಿನಲ್ಲಿ ನೀರು ಬಸಿಯಲು ಒಂದು ಪ್ಲಗ್, ಮೇಲಿನ ಬಾಯಿಗೆ ಮುಚ್ಚಳ.

ಇಂಜಿನ್ ಚಾಲೂ ಮಾಡಿ, ಬಿಸಿಯಾದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆ. ಮತ್ತೆ ಚಾಲೂ ಮಾಡಿ, ಕೋಲಿನ ತುದಿಗೆ ಬಿಳಿ ಬಟ್ಟೆ ಕಟ್ಟಿ ಪ್ರತಿ ಜಾಯಿಂಟಿನ ಬಳಿ ಹಿಡಿದೆ. ಮಸಿ ಹತ್ತಲಿಲ್ಲ. ತಾಂಡೇಲರು ಬಟ್ಟೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಇದನ್ನು ನಾವೂ ಮಾಡಬಹುದಲ್ಲ?" ಎಂದರು. ಪ್ರತಿ ಟ್ರಿಪ್ಪಿಗೆ ಮೊದಲು ಮಾಡಿ ಅಣ್ಣಾ, ಎಂದು ಕೋಲನ್ನು ಅಲ್ಲೇ ಬಿಟ್ಟು ಬಂದೆ.