ಬೀಗರೂಟದ ಮರುದಿನ

ಮಂಡ್ಯ ಸೀಮೆಯಲ್ಲಿ ಬೀಗರೂಟ ಉಂಡವರು ಮರುದಿನ ಹೊಟ್ಟೆ ಹಿಡಿದುಕೊಂಡರೆ ಊರಿನ ತೀರ್ಪು ಸಿದ್ಧವಾಗಿಯೇ ಇರುತ್ತದೆ: ನೀರು ಸರಿಯಿರಲಿಲ್ಲ, ಎಣ್ಣೆ ಹಳೆಯದು, ಇಲ್ಲವೇ ಯಾರದೋ ಕಣ್ಣು ಬಿತ್ತು. ಊಟದಿಂದ ಹತ್ತುವ ರೋಗಾಣುಗಳನ್ನು ಗುರುತಿಸುವ ವಿದ್ಯೆ ನನಗೆ ಹಿಡಿಸುವುದು ಈ ಅವಸರಕ್ಕೆ ಅಲ್ಲಿ ಜಾಗವಿಲ್ಲ ಎಂಬ ಕಾರಣಕ್ಕೆ. ಅದು ಮೊದಲು ನೋಡುವುದು ಗಡಿಯಾರವನ್ನು. ಉಂಡ ಎರಡು ಮೂರು ಗಂಟೆಗೇ ವಾಂತಿಯಾದರೆ ಅನುಮಾನ ಬಡಿಸಿದ ಕೈಯ ಸ್ಟೆಫೈಲೊಕಾಕಸ್ ಮೇಲೆ, ಇಲ್ಲವೇ ಬೆಳಿಗ್ಗೆ ಬಸಿದಿಟ್ಟ ಅನ್ನದ ಬ್ಯಾಸಿಲಸ್ ಸೀರಿಯಸ್ ಮೇಲೆ. 8ರಿಂದ 16 ಗಂಟೆ ಕಳೆದು, ವಾಂತಿಯಿಲ್ಲದೆ ಹೊಟ್ಟೆ ನುಲಿದು ಭೇದಿಯಾದರೆ ಮಟನ್ ಸಾರಿನ ಹಂಡೆಯ ಕಡೆ ತಿರುಗಬೇಕು. ಅಲ್ಲಿ ಹುಡುಕಬೇಕಾದದ್ದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್.

ಇದರ ಬೀಜಕಗಳು ಕುದಿತಕ್ಕೆ ಜಗ್ಗುವುದಿಲ್ಲ. ಕುದಿದ ಸಾರಿನಲ್ಲಿ ಗಾಳಿ ಉಳಿಯದ ಕಾರಣ, ಗಾಳಿ ಬೇಡದ ಈ ಜೀವಿಗೆ ಅನುಕೂಲವೇ ಆಗುತ್ತದೆ. ಹಂಡೆ ನಿಧಾನಕ್ಕೆ ಆರುತ್ತ 45 ಡಿಗ್ರಿಯ ಆಸುಪಾಸಿಗೆ ಬಂದಾಗ 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೂಡ್ಸ್ ರೈಲಿನ ಡಬ್ಬಿಗಳಂತೆ ದಪ್ಪನೆಯ, ಚೌಕ ತುದಿಯ ನೇರಳೆ ಕಡ್ಡಿಗಳು. ಚಂದವೆಲ್ಲ ಇರುವುದು ಹಾಲು ತುಂಬಿದ ಗಾಜಿನ ಕೊಳವೆಯಲ್ಲಿ. ಹಾಲು ಒಡೆದು ಗಡ್ಡೆಯಾಗುತ್ತದೆ; ಒಳಗೇ ಹುಟ್ಟಿದ ಅನಿಲ ಆ ಗಡ್ಡೆಯನ್ನು ಹರಿದು ಚಿಂದಿ ಮಾಡಿ ಮೇಲಕ್ಕೆ ನೂಕುತ್ತದೆ. ಹಾಗೆಂದು ಕಂಡೊಡನೆ ಬೀಗುವಂತಿಲ್ಲ. ಮಣ್ಣಿನಲ್ಲೂ ಗಟ್ಟಿಮುಟ್ಟಾದವರ ಕರುಳಿನಲ್ಲೂ ಇದು ಇದ್ದೇ ಇರುತ್ತದೆ. ಒಂದು ಗ್ರಾಂ ಸಾರಿನಲ್ಲಿ ಲಕ್ಷ ದಾಟಬೇಕು, ಇಲ್ಲವೇ ನರಳಿದವರ ಒಂದು ಗ್ರಾಂ ಮಲದಲ್ಲಿ ಬೀಜಕಗಳು 10 ಲಕ್ಷ ಮುಟ್ಟಬೇಕು. ಆಗ ಆರೋಪ ನಿಲ್ಲುತ್ತದೆ. ಹೆಸರು ಸಿಕ್ಕ ಮೇಲೂ ಎಣಿಸಬೇಕು ಎಂಬುದೇ ಈ ಕಲಿಕೆಯ ತಿರುಳೆಂದು ನನ್ನ ಎಣಿಕೆ.

ಯಾವ ಹೆಸರಾದರೇನು, ಕೊಡುವುದು ಓಆರ್‌ಎಸ್ ತಾನೆ ಎನ್ನುವವರಿದ್ದಾರೆ. ರೋಗಿಯ ಮಟ್ಟಿಗೆ ಅದು ಬಹುಪಾಲು ಸರಿ, ಅಡುಗೆಮನೆಯ ಮಟ್ಟಿಗೆ ಅಲ್ಲ. ಸ್ಟೆಫೈಲೊಕಾಕಸ್ ಆದರೆ ಬಡಿಸುವವರ ಕೈಯಲ್ಲಿ ಹುಣ್ಣಿದೆಯೇ ನೋಡಬೇಕು. ಬ್ಯಾಸಿಲಸ್ ಸೀರಿಯಸ್ ಆದರೆ ಅನ್ನ ಎಷ್ಟು ಹೊತ್ತು ಇತ್ತೆಂದು ಕೇಳಬೇಕು. ಮತ್ತೆ ಬಿಸಿ ಮಾಡಿದರೂ ಅದರ ವಾಂತಿವಿಷ ಹೋಗದು. ಪರ್ಫ್ರಿಂಜೆನ್ಸ್ ಆದರೆ ಹಂಡೆಯ ಸಾರನ್ನು ಸಣ್ಣ ಪಾತ್ರೆಗಳಿಗೆ ಸುರಿದು ಬೇಗ ಆರಿಸಲು ಹೇಳಬೇಕು. 2025ರ ಮಾರ್ಚ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಟಿ. ಕಾಗೇಪುರದ ವಸತಿಶಾಲೆಯಲ್ಲಿ ಊಟದ ನಂತರ ಮಕ್ಕಳು ನರಳಿ, ಇಬ್ಬರು ತೀರಿಕೊಂಡರು. ಅಂಥ ಸಾವಿನ ಮುಂದೆ ‘ಊಟದಲ್ಲೇನೋ ಹೆಚ್ಚುಕಮ್ಮಿ’ ಎಂಬುದು ಉತ್ತರವಲ್ಲ.

ಪಿಸಿಆರ್ ಇರುವಾಗ ಕಣ್ಣು ಪಳಗಿಸುವುದೇಕೆ ಎಂಬ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಯಂತ್ರ ಕೆಲವೇ ಗಂಟೆಗಳಲ್ಲಿ ಹೇಳುತ್ತದೆ, ನಿಜ. ಆದರೆ ನಾವು ಕೇಳಿದ್ದಕ್ಕಷ್ಟೇ ಉತ್ತರಿಸುತ್ತದೆ, ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಎತ್ತಿ ತೋರಿಸುತ್ತದೆ. ರೋಗಾಣು ಬೆಳೆಸಿ ನೋಡುವ ಪೆಟ್ರಿ ತಟ್ಟೆಗೂ ಕುರುಡಿದೆ: ಬಿಸಿ ಮಾಡಿದ ತಿಂಡಿಯಲ್ಲಿ ಸ್ಟೆಫೈಲೊಕಾಕಸ್ ಸತ್ತು ವಿಷ ಮಾತ್ರ ಉಳಿದಿದ್ದರೆ ತಟ್ಟೆಯಲ್ಲಿ ಏನೂ ಬೆಳೆಯದು. ಯಾವುದಕ್ಕೆ ಯಾವುದು ಕಾಣದೆಂದು ಬಲ್ಲವರು ಬೇಕು. ಮಂಡ್ಯದಲ್ಲಿ ವೈದ್ಯಕೀಯ ಕಾಲೇಜಿದೆ, ಮೈಸೂರಿನಲ್ಲಿ 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಇಷ್ಟಿದ್ದೂ ಮಾದರಿ ಕೆಟ್ಟರೆ ಯಾರೂ ಏನೂ ಮಾಡಲಾರರು. ಉಳಿದ ಸಾರನ್ನು ಜೋಪಾನವೆಂದು ಫ್ರೀಜರ್‌ನಲ್ಲಿ ಗಡ್ಡೆಕಟ್ಟಿಸಿದರೆ ಪರ್ಫ್ರಿಂಜೆನ್ಸ್ ಬಹುಪಾಲು ಸತ್ತುಹೋಗಿ, ಲೆಕ್ಕ ಲಕ್ಷದಿಂದ ಕೆಳಗಿಳಿಯಬಹುದು. ಇದು ಮೊದಲು ಗೊತ್ತಿರಬೇಕಾದದ್ದು ಹಾಸ್ಟೆಲಿನ ಅಡುಗೆಮನೆಗೆ ಎಲ್ಲರಿಗಿಂತ ಮುಂಚೆ ಕಾಲಿಡುವ ಆರೋಗ್ಯ ಸಿಬ್ಬಂದಿಗೆ.