ಹೊಸೂರಿಗೆ ಬಂದ ಹೊಸಬರು

ನಮ್ಮ ಊರಿನ ಹೆಸರೇ ಹೊಸೂರು. ಎಂದೋ ಒಂದು ಕಾಲದಲ್ಲಿ ಯಾರೋ ಬಂದು ಹೊಸದಾಗಿ ಒಲೆ ಹೂಡಿದ ನೆನಪು ಆ ಹೆಸರಿನಲ್ಲಿ ಉಳಿದಿದೆ. ಆದುದರಿಂದ ಇಲ್ಲಿಗೆ ಹೊಸಬರು ಬರುವುದು ಹೊಸ ಸಂಗತಿಯೇನಲ್ಲ. 1970ರ ದಶಕದಲ್ಲಿ ಕೈಗಾರಿಕಾ ವಸಾಹತು ತಲೆಯೆತ್ತಿದಂದಿನಿಂದ ಎಲ್ಲ ದಿಕ್ಕುಗಳ ಜನರೂ ಇಲ್ಲಿಗೆ ಬರುತ್ತಲೇ ಇದ್ದಾರೆ. ಹೀಗೆ ಬಂದವರನ್ನು "ಹೊಸೂರು ಹೇಗಿದೆ?" ಎಂದು ಕೇಳಿ ನೋಡಿ. ಬಹುಮಂದಿ ಕೊಡುವ ಉತ್ತರ ಒಂದೇ: "ಬೆಂಗಳೂರಿಗೆ ಹತ್ತಿರ." ಊರಿನ ಗುಣವನ್ನು ಕೇಳಿದರೆ ಪಕ್ಕದ ಊರಿನ ದೂರವನ್ನು ಹೇಳುತ್ತಾರೆ!

ನಮ್ಮ ಮಹಡಿಯ ಮೇಲಿನ ಮನೆಗೆ ಗದಗಿನ ಕಡೆಯ ಒಂದು ಸಂಸಾರ ಬಾಡಿಗೆಗೆ ಬಂದಿತು. ಯಜಮಾನನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಆತನ ಹೆಂಡತಿ, ಐದು ವರ್ಷದ ಒಬ್ಬ ಮಗ. ನಾಲ್ಕು ತಿಂಗಳು ಕಳೆದರೂ ಆ ಹುಡುಗಿ ಕಂಡ ಹೊಸೂರು ಎಂದರೆ ತನ್ನ ಅಡಿಗೆಮನೆ, ಬೀದಿಯ ಕೊನೆಯ ದಿನಸಿ ಅಂಗಡಿ, ಅಷ್ಟೆ. ಭಾನುವಾರ ಬಂತೆಂದರೆ ಮೂವರೂ ಮೋಟಾರು ಸೈಕಲ್ಲನ್ನೇರಿ ಬೆಂಗಳೂರಿಗೆ ಹೊರಡುವರು. ನಲವತ್ತು ಕಿಲೋಮೀಟರು ಹೋಗಿ, ತಂಪು ಗಾಳಿಯ ಒಂದು ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಏನನ್ನೂ ಕೊಳ್ಳದೆ ಮೂರು ಸುತ್ತು ತಿರುಗಿ, ಲಾರಿಗಳ ನಡುವೆ ನುಸುಳುತ್ತ ರಾತ್ರಿ ಹತ್ತಕ್ಕೆ ಹಿಂದಿರುಗುವರು. ಅಂಥ ಒಂದು ಭಾನುವಾರ ಮಗುವಿಗೆ ದಾರಿಯಲ್ಲೇ ವಾಂತಿಯಾಯಿತು. ಮರುದಿನ ಅವಳು ನಮ್ಮಾಕೆಯ ಮುಂದೆ ಕಣ್ಣೀರು ಹಾಕುತ್ತ, ತಾನು ಮಗನನ್ನು ಕರೆದುಕೊಂಡು ತವರಿಗೆ ಹೋಗಿಬಿಡುವುದಾಗಿ ಹೇಳಿದಳು. ಬಳಿಕ ಕೇಳಿದ ಮಾತು ನನ್ನನ್ನು ಇನ್ನೂ ಹೆಚ್ಚಾಗಿ ನಾಟಿತು: "ಅಕ್ಕಾರ, ಈ ಊರಾಗ ಕನ್ನಡ ನಡೀತೈತೇನ್ರಿ?"

ಈ ಪ್ರಶ್ನೆಗೆ ಉತ್ತರವನ್ನು ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲವೆಂದು ನಮ್ಮಾಕೆ ಅವಳನ್ನು ಮಾರುಕಟ್ಟೆಗೆ ಕರೆದೊಯ್ದಳು. ಈ ಸೀಮೆ ಗುಲಾಬಿಗೆ ಹೆಸರಾದುದು; ಇಲ್ಲಿನ ಹೂವು ಸಮುದ್ರ ದಾಟಿ ಹೋಗುತ್ತದೆ. ಹೂವಿನ ಮುದುಕಿ ತಮಿಳಿನಲ್ಲಿ ಬೆಲೆ ಹೇಳಿದಳು, ಪಕ್ಕದವಳೊಡನೆ ತೆಲುಗಿನಲ್ಲಿ ಜಗಳವಾಡಿದಳು, ಇವಳ ಮುಖ ನೋಡಿ, "ಯಾವೂರಮ್ಮ ನಿಂದು?" ಎಂದು ಕೇಳಿದಳು. ಗದಗೆಂದರೆ ಆ ಮುದುಕಿಗೆ ತಿಳಿಯದು. ಆದರೆ ಒಂದು ಮೊಳ ಹೂವನ್ನು ಹೆಚ್ಚಾಗಿಯೇ ಅಳೆದುಕೊಟ್ಟಳಂತೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆ ಎಲ್ಲಿ ಬಿದ್ದರೂ ಇಲ್ಲಿನ ಸಂತೆ ಮೂರು ನುಡಿಗಳನ್ನೂ ಬಿಟ್ಟುಕೊಟ್ಟಿಲ್ಲ.

ಮುಂದಿನ ಭಾನುವಾರ ಎಲ್ಲರೂ ಚಂದ್ರಚೂಡೇಶ್ವರನ ಗುಡ್ಡಕ್ಕೆ ಹೋದೆವು. ವಾಹನದ ದಾರಿ ಇದೆ. ಆದರೆ ಕಾಲಲ್ಲಿ ಶಕ್ತಿಯಿದ್ದವರು ಬೆಳಗಿನ ಹೊತ್ತು ಮೆಟ್ಟಿಲುಗಳನ್ನು ಹತ್ತಿಯೇ ಹೋಗಬೇಕು. ಶಿವನು ಉಡದ ರೂಪ ತಾಳಿ ಈ ಗುಡ್ಡವನ್ನೇರಿದನೆಂದೂ ಪಾರ್ವತಿ ಅದನ್ನು ಹಿಂಬಾಲಿಸಿ ಬಂದಳೆಂದೂ ಸ್ಥಳಪುರಾಣ. ಕಥೆಯನ್ನು ಕೇಳಿದ ಹುಡುಗ ಮೆಟ್ಟಿಲುದ್ದಕ್ಕೂ ಬಂಡೆಗಳ ಸಂದಿನಲ್ಲಿ ಉಡವನ್ನು ಹುಡುಕುತ್ತ, ದಣಿವೆಂಬುದನ್ನೇ ಮರೆತ. ಮೇಲಿನಿಂದ ಪಕ್ಕದ ವೆಂಕಟೇಶ್ವರನ ಗುಡ್ಡ, ಬ್ರಹ್ಮನ ಗುಡ್ಡ, ಕೆಳಗೆ ಊರು, ಕೆರೆ, ದೂರದಲ್ಲಿ ಕಾರ್ಖಾನೆಗಳ ಮಾಡುಗಳು ಕಾಣುತ್ತವೆ. ಆ ತರುಣ ತನ್ನ ಕಾರ್ಖಾನೆಯನ್ನು ಗುರುತಿಸಿ ಹೆಂಡತಿಗೆ ಬೆರಳು ಮಾಡಿ ತೋರಿಸಿದ. ಗಂಡ ದಿನವೂ ಹೋಗುವ ಜಾಗವನ್ನು ಅವಳು ಕಂಡುದು ಅಂದೇ ಮೊದಲು. ಫಾಲ್ಗುಣದ ಹುಣ್ಣಿಮೆಯ ಸುಮಾರಿಗೆ ಇಲ್ಲಿ ನಡೆಯುವ ತೇರಿಗೆ ಗಡಿಯ ಆಚೆಯಿಂದಲೂ ಜನ ಬರುತ್ತಾರೆ. ಆ ವಾರ ಊರು ಬಿಟ್ಟು ಹೋಗುವವರು ನಿರ್ಭಾಗ್ಯರೇ ಸರಿ.

ಎಲ್ಲವೂ ಚೆಂದವೆಂದು ಹೇಳಿದರೆ ಸುಳ್ಳಾದೀತು. ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೆಲವರಪಳ್ಳಿ ಅಣೆಕಟ್ಟು ಊರಿನ ಹತ್ತಿರವೇ ಇದೆ. ವಿಹಾರಕ್ಕೆ ಹೇಳಿ ಮಾಡಿಸಿದ ಜಾಗವೆಂದು ಮಳೆಗಾಲದಲ್ಲಿ ಅವರನ್ನು ಕರೆದೊಯ್ದೆವು. ತೂಬಿನ ಕೆಳಗೆ ನೀರಿನ ಮೇಲೆ ಬೆಳ್ಳಗೆ ರಾಶಿರಾಶಿ ತೇಲಿಬರುವುದನ್ನು ಕಂಡು ಹುಡುಗ, "ಅಪ್ಪಾ, ಅರಳಿ!" ಎಂದು ಕುಣಿದ. ಹತ್ತಿ ಬೆಳೆಯುವ ಸೀಮೆಯ ಮಗು. ಬಿಳಿಯದೆಲ್ಲ ಅದಕ್ಕೆ ಹತ್ತಿಯೇ. ಅದು ನೊರೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಈ ನದಿ ಬೆಂಗಳೂರಿನ ಪೂರ್ವದ ಅಂಚನ್ನು ಸವರಿಕೊಂಡು, ಮಹಾನಗರದ ಕೊಳಚೆಯನ್ನು ಹೊತ್ತು ನಮ್ಮಲ್ಲಿಗೆ ಬರುತ್ತದೆ. 'ಬೆಂಗಳೂರಿಗೆ ಹತ್ತಿರ' ಎಂಬ ಮಾತಿಗೆ ಈ ಅರ್ಥವೂ ಉಂಟು. ದಂಡೆಯ ಮೇಲೆ ಕುಳಿತು ಬುತ್ತಿಯನ್ನು ಬಿಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಒಮ್ಮೆ ನೋಡಬೇಕು, ಮಕ್ಕಳನ್ನು ಮಾತ್ರ ನೀರಿಗೆ ಇಳಿಸಕೂಡದು.

ಓಡಾಟದ ಮಾತಿಗೆ ಬರೋಣ. ಹೊಸಬರಿಗೆ ಮೊದಲ ತೊಡಕು ಬಸ್ಸಿನ ಫಲಕ. ತಮಿಳಿನಲ್ಲಿ ನಮ್ಮ ಊರು 'ಓಸೂರ್'. ಹಕಾರವನ್ನು ಹುಡುಕಿದವನಿಗೆ ಅದು ಸಿಕ್ಕದು. ಆದರೆ ಬಾಯಿ ಇದ್ದವನಿಗೆ ಇಲ್ಲಿ ದಾರಿ ತಪ್ಪುವುದಿಲ್ಲ. ನಿರ್ವಾಹಕರಿಗೆ ಕನ್ನಡ ಕಿವಿಗಾದರೂ ಬಿದ್ದಿರುತ್ತದೆ. ಮತ್ತಿಗಿರಿ, ಬಾಗಲೂರುಗಳ ಕಡೆಗೆ ಊರ ಬಸ್ಸುಗಳು ಧಾರಾಳವಾಗಿವೆ. ಮತ್ತಿಗಿರಿಯಲ್ಲಿರುವ ಸರಕಾರಿ ಜಾನುವಾರು ಕ್ಷೇತ್ರ 1824ರಷ್ಟು ಹಳೆಯದು. ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ರಾಜಾಜಿಯವರು ಹುಟ್ಟಿದ ಮನೆಯನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಹುದ್ದೆಗೇರಿದವರ ತೊಟ್ಟಿಲು ಅಷ್ಟು ಚಿಕ್ಕ ಮನೆಯಲ್ಲಿ ತೂಗಿತೇ ಎಂದು ಆಶ್ಚರ್ಯವಾಗುತ್ತದೆ.

ಬಸ್ಸಿನ ವಿಷಯದಲ್ಲಿ ನಡೆದ ಒಂದು ತಮಾಷೆಯನ್ನು ಹೇಳದೆ ಮುಂದೆ ಹೋಗಲಾರೆ. ಆನೇಕಲ್ಲಿನಿಂದ ಐದು ಕಿಲೋಮೀಟರು ದೂರದ ಮುತ್ಯಾಲಮಡುವಿಗೆ, ಮಳೆಗಾಲ ಮುಗಿಯುವ ಮೊದಲು ಜಲಪಾತವನ್ನು ನೋಡಲೆಂದು ಹೊರಟಿದ್ದೆವು. ಗಡಿ ದಾಟಿ ಅತ್ತಿಬೆಲೆಯಲ್ಲಿ ಕರ್ನಾಟಕದ ಬಸ್ಸನ್ನು ಹತ್ತಿದೆವು. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್ 11ರಿಂದ ಉಚಿತ ಪ್ರಯಾಣದ ಯೋಜನೆ ಬಂದುದು ಎಲ್ಲರೂ ಬಲ್ಲ ಸಂಗತಿ. ಗದಗಿನ ವಿಳಾಸದ ಗುರುತುಚೀಟಿಯನ್ನು ತೋರಿಸಿದ ಹುಡುಗಿಗೆ ಹಣವಿಲ್ಲದ ಟಿಕೆಟು ದೊರೆಯಿತು. ನಮ್ಮಾಕೆಯ ಚೀಟಿಯಲ್ಲಿರುವುದು ತಮಿಳುನಾಡಿನ ವಿಳಾಸ. ಅವಳು ಹಣ ತೆತ್ತಳು. ಅವಳ ತವರು ಆನೇಕಲ್ ತಾಲ್ಲೂಕೇ! "ಹುಟ್ಟಿದ ತಾಲ್ಲೂಕಿನಲ್ಲಿ ನಾನೇ ಹೊರಗಿನವಳಾದೆನಲ್ಲ" ಎಂದು ನಕ್ಕಳು; ಆ ನಗೆಯಲ್ಲಿ ನಗೆ ಸ್ವಲ್ಪ ಕಡಿಮೆಯಿತ್ತು. ಸಂಜೆ ಹಿಂದಿರುಗಿ ಹೊಸೂರಿನ ಊರ ಬಸ್ಸನ್ನು ಹತ್ತಿದಾಗ ಇಬ್ಬರಿಗೂ ಟಿಕೆಟಿನ ಹಣವಿರಲಿಲ್ಲ. ತಮಿಳುನಾಡಿನ ಸಾಮಾನ್ಯ ನಗರ ಬಸ್ಸುಗಳಲ್ಲಿ 2021ರಿಂದ ಮಹಿಳೆಯರಿಗೆ ಪ್ರಯಾಣ ಉಚಿತ. ಗಂಡಸಾದ ನಾನು ಮಾತ್ರ ಎರಡು ರಾಜ್ಯಗಳಿಗೂ ಸಮನಾಗಿ ಕಾಸು ಕೊಟ್ಟೆ.

ಬೆಂಗಳೂರಿಗೆ ಹೋಗಲೇಬಾರದೆಂಬ ಹಟ ನನ್ನದಲ್ಲ. ಹೋಗುವ ಬಗೆಯೊಂದಿದೆ, ಅಷ್ಟೆ. ರೈಲಿದೆ, ಸೇಲಂ ಮಾರ್ಗದ ಗಾಡಿಗಳು ಹೊಸೂರನ್ನು ಹಾದು ಹೋಗುತ್ತವೆ, ಸಮಯ ಹೊಂದಿದರೆ ಅದಕ್ಕಿಂತ ಸುಖವಿಲ್ಲ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದಿಂದ ಹಳದಿ ಮಾರ್ಗದ ಮೆಟ್ರೋ ಆರಂಭವಾದ ಮೇಲಂತೂ ರಸ್ತೆಯ ಯಾತನೆ ಅರ್ಧ ಕಳೆಯಿತು. ಹೊಸೂರಿನಿಂದ ಬೊಮ್ಮಸಂದ್ರಕ್ಕೆ ಬಸ್ಸು, ಅಲ್ಲಿಂದ ಹದಿನಾರನೆಯ ನಿಲ್ದಾಣವಾದ ಆರ್.ವಿ. ರಸ್ತೆಗೆ ಮೆಟ್ರೋ. ಸಿಲ್ಕ್ ಬೋರ್ಡಿನ ವಾಹನಸಾಗರವನ್ನು ಮೇಲಿನಿಂದ ಕಾಣುವಾಗ, ಪರೀಕ್ಷೆ ಮುಗಿಸಿದವನು ಪರೀಕ್ಷೆಯ ಕೊಠಡಿಯನ್ನು ಕಿಟಕಿಯಿಂದ ನೋಡಿದಂತಾಗುತ್ತದೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಮೂರನೆಯ ನಿಲ್ದಾಣವೇ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಆರಂಭಿಸಿದ ಆ ತೋಟದಲ್ಲಿ ಮಗುವನ್ನು ಬಿಟ್ಟುಬಿಡಿ, ಸಾಕು. ನಮ್ಮ ಹುಡುಗ ಗಾಜಿನ ಮನೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೆಂಪೇಗೌಡ ಗೋಪುರವಿರುವ ಹೆಬ್ಬಂಡೆಯನ್ನು ಓಡಿ ಹತ್ತಿ, "ನಮ್ಮೂರ ಗುಡ್ಡ ಇದಕ್ಕಿಂತ ದೊಡ್ಡದೈತಿ" ಎಂದು ತೀರ್ಪು ಕೊಟ್ಟ. ಯಾವ ಊರೆಂದು ಅವನ ತಾಯಿ ಕೇಳಿದಳು. "ಹೊಸೂರು" ಎಂದ.

ತಳಿ, ಡೆಂಕಣಿಕೋಟೆಗಳ ದಾರಿಯನ್ನು ಚಳಿಗಾಲಕ್ಕೆ ಮೀಸಲಿಡಬೇಕು. ಬ್ರಿಟಿಷರು ತಳಿಯನ್ನು ಚಿಕ್ಕ ಇಂಗ್ಲೆಂಡ್ ಎಂದು ಕರೆದರು. ನಾವು ಅದನ್ನೇ ಇಂದಿಗೂ ಹೇಳಿಕೊಂಡು ಬೀಗುತ್ತೇವೆ. ಆ ಊರಿಗೆ ತನ್ನದೇ ತಂಪಿದೆ, ಮಂಜಿದೆ, ಬೇರೆ ದೇಶದ ಹೆಸರೇಕೆ ಬೇಕೋ ತಿಳಿಯದು. ಡೆಂಕಣಿಕೋಟೆಯಲ್ಲಿ ಬೇಟೆರಾಯಸ್ವಾಮಿಯ ದರ್ಶನ ಮಾಡಿಕೊಂಡು ಹೊತ್ತು ಮುಳುಗುವ ಮೊದಲೇ ಹಿಂದಿರುಗಿ. ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿಯ ಕಡೆಗೆ ಆನೆಗಳ ಓಡಾಟವಿದೆ. ರಾಗಿಯ ತೆನೆ ಬಲಿತ ದಿನಗಳಲ್ಲಿ ಅವು ಹೊಲಕ್ಕೂ ಇಳಿಯುತ್ತವೆ. ಮೋಟಾರು ಸೈಕಲ್ಲಿನವರು ಸಂಜೆಯ ಮೇಲೆ ಆ ದಾರಿಯಲ್ಲಿ ಸಾಹಸ ತೋರಬೇಕಾಗಿಲ್ಲ.

ಕಳೆದ ಅವರೆಕಾಯಿ ಕಾಲದಲ್ಲಿ ಆ ಹುಡುಗಿಯ ತಾಯಿ ಗದಗಿನಿಂದ ಬಂದಿದ್ದರು. ಮಗಳನ್ನು ಕರೆದೊಯ್ಯಲು ಬಂದರೇನೋ ಎಂದು ನಮಗೆ ಒಳಗೊಳಗೇ ಅಳುಕು. ಮರುದಿನ ಬೆಳಿಗ್ಗೆ ತಾಯಿ, ಮಗಳು, ಮೊಮ್ಮಗ ಮೂವರೂ ಹೊರಟು ನಿಂತಿದ್ದರು. ಎಲ್ಲಿಗೆ ಎಂದು ಕೇಳಿದೆ.

"ಗುಡ್ಡಕ್ಕ ಹೊಂಟೇವ್ರಿ. ಅವ್ವಗ ಉಡಾ ತೋರಸ್ತಾನಂತ" ಎಂದು ಮಗನತ್ತ ಕಣ್ಣು ಮಾಡಿದಳು. ನಮ್ಮಾಕೆ ಒಳಗಿನಿಂದ ಚೀಲವೊಂದನ್ನು ತಂದು ಅವಳ ಕೈಗಿತ್ತು, ಬರುವಾಗ ಹೂವಿನ ಮುದುಕಿಯ ಹತ್ತಿರ ಎರಡು ಕಿಲೋ ಅವರೆಕಾಯಿ ಇಟ್ಟಿರಲು ಹೇಳಿದ್ದೇನೆ, ಮರೆಯದೆ ತರಬೇಕು ಎಂದಳು.