ನಮ್ಮನೆ ಕ್ವಾಲಿಸ್

ನಾವು ಅವಳಿಗಳು. ಒಬ್ರು ಮೆಕ್ಯಾನಿಕಲ್, ಒಬ್ರು ಕಂಪ್ಯೂಟರ್ ಸೈನ್ಸ್, ಇಬ್ರೂ ಸೆಕೆಂಡ್ ಇಯರ್. ಊರು ಹೊಳೆನರಸೀಪುರ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮನೇಲಿ 2004ರ ಟೊಯೋಟಾ ಕ್ವಾಲಿಸ್ ಇದೆ. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅರಕಲಗೂಡಿನ ಅಜ್ಜಿ ಮನೆಗೆ, ಹಾಸನದ ಆಸ್ಪತ್ರೆಗೆ, ಚನ್ನರಾಯಪಟ್ಟಣದ ಮದುವೆಗೆ, ಎಲ್ಲದಕ್ಕೂ ಅದೇ. ಸೀಟು ಮಡಚಿದ್ರೆ ಆಲೂಗಡ್ಡೆ ಮೂಟೆ, ಬಿಚ್ಚಿದ್ರೆ ಹತ್ತು ಜನ. ಸ್ಕೂಲಿಗೆ ಫ್ರೆಂಡ್ಸ್ ಹೊಸ ಕಾರಲ್ಲಿ ಬರೋರು. ನಮಗೆ ನಾಚಿಕೆ. "ಅಪ್ಪ, ಇಲ್ಲೇ ನಿಲ್ಸಪ್ಪ, ನಡ್ಕೊಂಡು ಹೋಗ್ತೀವಿ" ಅಂತ ಗೇಟಿಗಿಂತ ಒಂದು ತಿರುವು ಮೊದಲೇ ಇಳೀತಿದ್ವಿ. ಯಾಕೆ ಅಂತ ಅಪ್ಪ ಒಂದು ದಿನಾನೂ ಕೇಳಲಿಲ್ಲ.

ಇನ್ನೊಂದು ಸಿಟ್ಟೂ ಇತ್ತು. ಎಲ್ಲಾದ್ರೂ ಕಿರ್ ಅಂದ್ರೆ ಸಾಕು, ಅಪ್ಪ ಗಾಡಿ ಸೈಡಿಗೆ ಹಾಕೋರು. ಒಂದ್ಸಲ ಮದುವೆಗೆ ಹೊರಟಾಗ ಹಾಗೇ ನಿಲ್ಲಿಸಿದ್ರು. ಒಳಗೆ ಅತ್ತೆ, ಚಿಕ್ಕಮ್ಮ ಎಲ್ಲರೂ ರೇಷ್ಮೆ ಸೀರೆಯಲ್ಲಿ ಬೆವರ್ತಾ ಬೈತಿದ್ರು. ಬಾನೆಟ್ ಎತ್ತಿ ನೋಡಿದ್ರೆ ಫ್ಯಾನ್ ಬೆಲ್ಟ್ ಸವೆದು ನಾರು ನಾರಾಗಿತ್ತು. ಬದಲಾಯಿಸೋದು ಮರೆತಿದ್ದು ಅಪ್ಪನೇ. "ಸದ್ದು ಕೇಳಿದ್ಮೇಲೂ ಓಡಿಸಿದ್ರೆ ಇಂಜಿನ್ನೇ ಹೋಗೋದು" ಅಂದ್ರು. ಧಾರೆ ನಮಗೆ ಸಿಗಲಿಲ್ಲ, ಊಟ ಸಿಕ್ತು.

ಈ ಸೆಮಿಸ್ಟರ್ ಕ್ಲಾಸಲ್ಲಿ ಟೊಯೋಟಾ ಕತೆ ಬಂತು. ಅದು ಶುರುವಾಗಿದ್ದು ಕಾರಿಂದ ಅಲ್ಲ, ಮಗ್ಗದಿಂದ! ಬಡಗಿಯ ಮಗ ಸಕಿಚಿ ಟೊಯೋಡಾ ಮಾಡಿದ ಮಗ್ಗ, ನೂಲು ಹರಿದ ಕೂಡಲೇ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯೋಕಿಂತ ನಿಲ್ಲೋದು ಮೇಲು ಅನ್ನೋದು ಲೆಕ್ಕ. ಇದನ್ನೇ ಮುಂದೆ ಕಾರ್ಖಾನೆಯಲ್ಲಿ ಜಿಡೋಕಾ ಅಂದ್ರು. ಅವರ ಮಗ ಕಿಯಿಚಿರೊ 1937ರಲ್ಲಿ ಕಾರು ಕಂಪನಿ ಕಟ್ಟಿದ್ರು. 1966ರಲ್ಲಿ ಕೊರೋಲಾ, ಮರುವರ್ಷ ಈಗಲೂ ಜನ ಬಾಯಿ ಬಿಟ್ಟು ನೋಡೋ 2000ಜಿಟಿ. ನಮ್ಮ ರಾಜ್ಯಕ್ಕೆ ಬಂದಿದ್ದು 1997ರಲ್ಲಿ, ಕಿರ್ಲೋಸ್ಕರ್ ಜೊತೆ ಸೇರಿ. ಬಿಡದಿಯಲ್ಲಿ ತಯಾರಾದ ಮೊದಲ ಗಾಡಿಯೇ ಕ್ವಾಲಿಸ್, 2000ದಲ್ಲಿ ಮಾರುಕಟ್ಟೆಗೆ ಬಂತು. ಇಂಡೋನೇಷ್ಯಾದ ಕಿಜಾಂಗ್ ಅನ್ನೋ ಗಾಡಿಯ ತಮ್ಮ ಅದು. ಚೆನ್ನಾಗಿ ಮಾರಾಟ ಆಗ್ತಿದ್ದಾಗಲೇ, 2005ರಲ್ಲಿ ನಿಲ್ಲಿಸಿ ಇನೋವಾ ತಂದ್ರು.

ಲೆಕ್ಚರರ್ ಜಿಡೋಕಾ ವಿವರಿಸ್ತಿದ್ರೆ, ಮೆಕ್ಯಾನಿಕಲ್ಲಿನ ನಮ್ಮಲ್ಲೊಬ್ರ ಕಣ್ಮುಂದೆ ರಸ್ತೆ ಪಕ್ಕ ಬಾನೆಟ್ ಎತ್ತಿ ನಿಂತ ಅಪ್ಪ. ಸಂಜೆ ಇನ್ನೊಬ್ರಿಗೆ ಹೇಳಿದಾಗ ಇಬ್ರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈಗ ಅಪ್ಪ ಗಾಡಿ ಮಾರ್ತೀನಿ ಅಂತಿದ್ದಾರೆ. ಇಬ್ಬರ ಫೀಸು ಒಟ್ಟಿಗೆ ಕಟ್ಟಬೇಕಲ್ಲ. ಬೇಡ ಅನ್ನೋಕೆ ನಮ್ಮ ಹತ್ರ ದುಡ್ಡಿಲ್ಲ. ಹೋದ ಸೋಮವಾರ ಹಾಸನಕ್ಕೆ ಬಿಡೋಕೆ ಬಂದಾಗ, ಹಳೇ ಅಭ್ಯಾಸದಂತೆ ಅಪ್ಪ ಕಾಲೇಜಿಗಿಂತ ಒಂದು ತಿರುವು ಮೊದಲೇ ಬ್ರೇಕ್ ಹಾಕಿದ್ರು.

"ಇಲ್ಲಿ ಬೇಡಪ್ಪ, ಗೇಟ್ ಹತ್ರಾನೇ ಬಿಡು" ಅಂದ್ವಿ.

ಅಪ್ಪ ಕನ್ನಡಿಯಲ್ಲಿ ಒಂದ್ಸಲ ನಮ್ಮನ್ನ ನೋಡಿ ಗೇರ್ ಹಾಕಿದ್ರು.